ಟೇಲೆಂಡಿನ ಗಂಗಾಳ

ನಮ್ಮ ಮನೆಯಲ್ಲಿ ಗಂಗಾಳ ಐದು, ಉಣ್ಣುವವರು ಒಂಬತ್ತು ಮಂದಿ. ಮೊದಲು ಮುತ್ಯಾ, ಅಪ್ಪ, ಕಾಕಾ ಕೂಡುತ್ತಿದ್ದರು. ಅವರು ಎದ್ದ ಮೇಲೆ ಹುಡುಗರು ನಾಲ್ವರು, ಅದರಲ್ಲಿ ನಾನೂ ಒಬ್ಬಳು. ಕೊನೆಗೆ ಅಮ್ಮ, ಅವ್ವ. ನಮ್ಮ ಕಡೆ ಅವ್ವ ಅಂದರೆ ಹೆತ್ತಾಕಿ, ಅಮ್ಮ ಅಂದರೆ ಅಪ್ಪನ ತಾಯಿ. ಅತ್ತೆ ಸೊಸೆ ಇಬ್ಬರೂ ಬೇರೆ ಬೇರೆ ಗಂಗಾಳ ಹಚ್ಚಿಕೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಒಂದರಲ್ಲೇ ಉಳಿದ ಪಲ್ಯ ಬಳಿದುಕೊಂಡು, ಒಲೆಯ ಮುಂದೆ ಕೂತು, ರೊಟ್ಟಿ ಮುರಿದು ಮುಗಿಸುತ್ತಿದ್ದರು. ರೊಟ್ಟಿ ಇರುತ್ತಿತ್ತು. ಪಲ್ಯ ಇರುತ್ತಿತ್ತು ಅಂತ ಹೇಳಲಾರೆ.

ಊರು ವಳಕಮದಿನ್ನಿ. ದಿನ್ನಿ ಅಂದರೆ ಸುತ್ತಲಿನ ನೆಲಕ್ಕಿಂತ ಎತ್ತರದ ದಿಬ್ಬ. ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ದೋಆಬಿನಲ್ಲಿ ದಿಬ್ಬದ ಹೆಸರು ಹೊತ್ತ ಊರುಗಳಿಗೆ ಕೊರತೆಯಿಲ್ಲ. ನೆಲ ಎಷ್ಟು ಹಳೆಯದು ಅಂದರೆ, ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದ ಅಶೋಕನ ಶಾಸನವೇ ಇಲ್ಲಿ ಹೊಸದು. ಮುದಗಲ್ಲಿನ ಹತ್ತಿರದ ಪಿಕ್ಲಿಹಾಳದಲ್ಲಿ ಆಲ್ಚಿನ್ ಅಗೆದು ತೋರಿಸಿದ ದನಗಾಹಿಗಳ ನೆಲೆ ಅಶೋಕನಿಗಿಂತ ಸಾವಿರಾರು ವರ್ಷ ಹಿಂದಿನದು. ಆ ಕಾಲದ ಜನ ಈ ಸೀಮೆಯಲ್ಲಿ ಹುರಳಿ, ಹೆಸರು, ಸಣ್ಣ ಸಿರಿಧಾನ್ಯ ಬೆಳೆದು ಉಂಡರು ಅಂತ ಸುಟ್ಟ ಕಾಳುಗಳನ್ನು ಸೋಸಿ ಓದುವವರು ಹೇಳುತ್ತಾರೆ. ಆ ಕಾಳನ್ನು ಯಾರು ಮೊದಲು ಉಂಡರು, ಯಾರು ಕೊನೆಗೆ ಅನ್ನುವುದನ್ನು ಅವರು ಬಿಟ್ಟುಹೋದ ಬೂದಿದಿಬ್ಬ ಹೇಳುವುದಿಲ್ಲ. ಹುಡುಗಿಯ ಹೊಟ್ಟೆಯ ಚರಿತ್ರೆ ಬರೆಯುವುದರಲ್ಲಿ ಇದೇ ಕಷ್ಟ. ಪಂಚವಾರ್ಷಿಕ ಯೋಜನೆ, ಜಮಾಬಂದಿ, ಬರದ ವರದಿ ಎಲ್ಲದರಲ್ಲೂ ಕಾಳಿನ ಲೆಕ್ಕ ಉಂಟು, ಸರದಿಯ ಲೆಕ್ಕ ಇಲ್ಲ.

ನಾನು ಮೂವತ್ತೆಂಟು ವರ್ಷ ಸರ್ಕಾರದ ನರ್ಸಮ್ಮ ಆಗಿದ್ದವಳು. ಸಿಂಧನೂರು, ಲಿಂಗಸುಗೂರು, ಈಗ ತಾಲ್ಲೂಕಾಗಿರುವ ಮಸ್ಕಿ, ಈ ಮೂರರ ಹಳ್ಳಿಗಳಲ್ಲಿ ಚೀಲ ಹೊತ್ತು ತಿರುಗಿದ್ದೇನೆ. ಹಾಗಾಗಿ ನನ್ನ ಚರಿತ್ರೆ ರಜಿಸ್ಟರಿನದ್ದು, ಗಂಗಾಳದ್ದು.

ಮೊದಲು ನಮ್ಮ ಕುಲದ ಮಾತು. ನಾವು ನಾಯಕರು, ಊರವರ ಬಾಯಲ್ಲಿ ಬೇಡರು. ಒಮ್ಮೆ ಬೆಂಗಳೂರಿನಿಂದ ತರಬೇತಿಗೆ ಬಂದಿದ್ದ ಹುಡುಗಿ ‘ಮೇಡಂ, ಇಲ್ಲಿ ಟ್ರೈಬಲ್ ಹಾಡಿ ಎಲ್ಲಿದೆ?’ ಅಂತ ಕೇಳಿದಳು. ನಾನು ಊರ ನಡುವಿನ ನಮ್ಮ ಓಣಿ ತೋರಿಸಿದೆ. ಅವಳಿಗೆ ನಿರಾಶೆಯಾಯಿತು. ಬುಡಕಟ್ಟು ಅಂದರೆ ಬಿಳಿಗಿರಿರಂಗನ ಬೆಟ್ಟದ ಕಾಡು ಅಂತ ಅವಳು ತಿಳಿದಿದ್ದಳು. ನಮ್ಮಲ್ಲಿ ಕಾಡು ಎಲ್ಲಿಯದು, ನೆರಳಿಗೆ ಒಂದು ಬೇವು ಬನ್ನಿ ಸಿಕ್ಕರೆ ಪುಣ್ಯ. 1991ರ ತಿದ್ದುಪಡಿಯಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯಲ್ಲಿ ಐದರಲ್ಲಿ ಒಬ್ಬರ ಸಮೀಪ ಪರಿಶಿಷ್ಟ ಪಂಗಡದವರು. ಹಾಡಿಯಲ್ಲ ಅದು, ಬಯಲು.

ಬೇಟೆ ಇತ್ತು, ಒಂದು ಕಾಲಕ್ಕೆ. 1857ರಲ್ಲಿ ಬ್ರಿಟಿಷರು ಹತಾರ ಒಪ್ಪಿಸಿರಿ ಅಂದಾಗ ಹಲಗಲಿಯ ಬೇಡರು ತಿರುಗಿ ನಿಂತರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರ ರಾಜ್ಯ ಮುಳುಗಿತು. 1860ರಲ್ಲಿ ಸುರಪುರವೂ ನಮ್ಮ ರಾಯಚೂರು ದೋಆಬವೂ ನಿಜಾಮನ ಕೈಗೆ ಹೋದವು. ಲಾವಣಿ ಇಷ್ಟು ಹೇಳುತ್ತದೆ. ಅಡುಗೆಮನೆಯ ಕಥೆ ಇದರ ಮುಂದಿನದು. ಹತಾರ ಹೋದವರು ತಳವಾರಿಕೆ ಮಾಡಿದರು, ವಾಲೀಕಾರಿಕೆ ಮಾಡಿದರು, ಗೌಡರ ಹೊಲದಲ್ಲಿ ಕೂಲಿ ಮಾಡಿದರು. ಆದರೂ ಮುತ್ಯಾನ ಕಾಲದವರೆಗೂ ಬಲೆ, ಉರುಲು, ನಾಯಿ ಇದ್ದವು. ಮೊಲ, ಕೌಜುಗ, ಉಡ ಮನೆಗೆ ಬರುತ್ತಿದ್ದವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಕಳ್ಳತನವಾಯಿತು. ಕಾಯ್ದೆ ಬರುವ ಮೊದಲೇ ಟ್ರ್ಯಾಕ್ಟರು ಪಡಬಿದ್ದ ನೆಲವನ್ನೆಲ್ಲ ಹರಗಿ ಮೊಲದ ಗೂಡು ಮುಗಿಸಿತ್ತು ಅನ್ನುವುದು ಬೇರೆ ಮಾತು. ಅಮ್ಮ ಹೇಳುತ್ತಿದ್ದಳು, ಬೇಟೆ ಬಂದ ದಿನ ಕಾರಿಜ ಸಣ್ಣ ಹುಡುಗರಿಗೆ, ಬಾಣಂತಿಗೆ, ಹೊಸದಾಗಿ ದೊಡ್ಡಾಕಿ ಆದವಳಿಗೆ ಅಂತ. ರಕ್ತ ಹೋಗುವವಳಿಗೆ ರಕ್ತದ ತುಂಡು ಅನ್ನುವಷ್ಟು ಬುದ್ಧಿ ಆ ಹೆಂಗಸರಿಗೆ ಇತ್ತು, ಕಬ್ಬಿಣಾಂಶ ಅನ್ನುವ ಮಾತು ಗೊತ್ತಿರಲಿಲ್ಲ, ಅಷ್ಟೆ.

ನಾನು ದೊಡ್ಡಾಕಿ ಆದದ್ದು 1974ರಲ್ಲಿ. ಎಪ್ಪತ್ತೆರಡರ ಬರ ಇನ್ನೂ ಬೆನ್ನ ಮೇಲಿತ್ತು. ಗಂಜಿ ಕೇಂದ್ರದ ಸಾಲು, ನ್ಯಾಯಬೆಲೆ ಅಂಗಡಿಗೆ ಬಂದ ಪರದೇಶದ ಕೆಂಪು ಜೋಳ, ಅದರ ರೊಟ್ಟಿ ತಟ್ಟಿದರೆ ಬಿರಿಯುತ್ತಿತ್ತು ಅಂತ ಅವ್ವನ ಬೈಗುಳ, ಎಲ್ಲ ನೆನಪಿವೆ. ಅಂಥ ಹೊತ್ತಿನಲ್ಲೂ ನನ್ನನ್ನು ಒಂಬತ್ತು ದಿನ ಕೂಡಿಸಿದರು. ಸೋದರಮಾವ ಲಿಂಗಸುಗೂರು ಕಡೆಯಿಂದ ಕೊಬ್ಬರಿ, ಬೆಲ್ಲ, ಉತ್ತತ್ತಿ, ಎರಡು ಡಜನ್ ನಾಟಿ ತತ್ತಿ ತಂದ. ಓಣಿಯ ಹೆಂಗಸರು ಸಂಜೆಗೊಬ್ಬರಂತೆ ಏನಾದರೂ ಮಾಡಿಕೊಂಡು ಬಂದರು: ಒಬ್ಬಾಕೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಇನ್ನೊಬ್ಬಾಕೆ ಶೇಂಗಾದ ಉಂಡಿ, ಮತ್ತೊಬ್ಬಾಕೆ ಮೆಂತೆಹಿಟ್ಟಿನದು. ಮೆಂತೆಯದು ಕಹಿ, ಕಣ್ಣು ಮುಚ್ಚಿ ನುಂಗಿದೆ. ಅರಿಷಿಣ ಹಚ್ಚಿ ಎರೆದರು, ಆರತಿ ಮಾಡಿದರು, ಉಡಿ ತುಂಬಿದರು. ದಿನಾ ಬೆಳಿಗ್ಗೆ ಹಸಿ ತತ್ತಿ ಒಡೆದು ಎಳ್ಳೆಣ್ಣೆಯ ಜೊತೆ ಬಾಯಿಗೆ ಸುರಿಯುತ್ತಿದ್ದಳು ಅಮ್ಮ. ಆ ಒಂಬತ್ತು ದಿನ ಮುತ್ಯಾನಿಗಿಂತ ಮೊದಲು ನನ್ನ ಗಂಗಾಳ ತುಂಬಿತು. ನನ್ನ ಆಯುಷ್ಯದಲ್ಲಿ ಅಷ್ಟು ಸಿಹಿ ಅಷ್ಟು ಎಣ್ಣೆ ಮೊದಲೂ ಇಲ್ಲ, ಮುಂದೆ ಬಾಣಂತನದ ತನಕವೂ ಇಲ್ಲ.

ಹತ್ತನೇ ದಿನ ಎರೆದುಕೊಂಡು ಒಳಗೆ ಬಂದೆ. ತಮ್ಮಂದಿರ ಸಾಲಿನಲ್ಲಿ ನನ್ನ ಜಾಗಕ್ಕೆ ಕೂಡಲು ಹೋದರೆ ಅವ್ವ ಕೈ ಹಿಡಿದಳು. ‘ಇನ್ನ ನೀನು ನಮ್ಮ ಕೂಡ ಉಣ್ಣಬೇಕವ್ವಾ, ದೊಡ್ಡಾಕಿ ಆಗಿದಿ’ ಅಂದಳು. ದನಿಯಲ್ಲಿ ಹೆಮ್ಮೆಯೇ ಇತ್ತು. ನಾನೂ ಹೆಮ್ಮೆಯಿಂದಲೇ ಹೋಗಿ ಒಲೆಯ ಹತ್ತಿರ ಕೂತೆ. ಎರಡನೇ ಸರದಿಯಿಂದ ಮೂರನೇ ಸರದಿಗೆ ಇಳಿದದ್ದು ನನಗೆ ತಿಳಿಯಲೇ ಇಲ್ಲ. ಎಷ್ಟೋ ವರ್ಷದ ಮೇಲೆ, ರಕ್ತ ನೋಡುವ ಕೆಲಸ ಕಲಿತ ಮೇಲೆ, ಆ ದಿನ ನೆನಪಾಗಿ ಎದೆ ಝಲ್ಲೆಂದಿತು. ಮೈ ಬೆಳೆಯುವ ವರ್ಷ ಅದು, ತಿಂಗಳು ತಿಂಗಳು ರಕ್ತ ಹೋಗಲು ಶುರುವಾದ ವರ್ಷ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣ ಬೇಕು, ಅದೇ ವಯಸ್ಸಿನ ಹುಡುಗಿಗೆ 30. ತಮ್ಮನಿಗಿಂತ ಹೆಚ್ಚು ಬೇಕಾದ ವಯಸ್ಸಿನಲ್ಲೇ ತಮ್ಮ ಎದ್ದ ಮೇಲೆ ಉಣ್ಣುವ ಪದ್ಧತಿ. ನಮ್ಮ ಹಿರಿಯರ ಒಂಬತ್ತು ದಿನದ ಜಾಣತನಕ್ಕೆ ಹತ್ತನೇ ದಿನ ಬಿದ್ದ ಬೀಗ ಇದು.

ಹಾಗಂತ ಹಳೆಯ ಕಾಲದ ಗಂಗಾಳವನ್ನು ಹಳಿಯಲಾರೆ. ಮೂರನೇ ಸರದಿಗೆ ಉಳಿಯುತ್ತಿದ್ದ ಆ ಒಣ ರೊಟ್ಟಿಯಲ್ಲೂ ಸತ್ವ ಇತ್ತು. ಎರಿ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ, ನಡುನಡುವೆ ಅಕ್ಕಡಿ ಸಾಲು. ಅಕ್ಕಡಿ ಹೆಂಗಸರ ರಾಜ್ಯ. ಯಾವ ಸಾಲಿಗೆ ಕಡಲಿ, ಯಾವ ಸಾಲಿಗೆ ಕುಸುಬಿ, ಅಂಚಿಗೆ ಅಗಸಿ, ಮುಂಗಾರಿಯಾದರೆ ಗುರೆಳ್ಳು, ಪುಂಡಿ, ಮಡಕಿ, ಅಲಸಂದಿ, ಎಲ್ಲ ಅಮ್ಮನ ಸೆರಗಿನ ಗಂಟಿನಿಂದ ಬೀಳಬೇಕು. ಕಳೆ ತೆಗೆಯಲು ಹೋದ ಹೆಂಗಸು ಸಂಜೆ ಬರಿಗೈಯಲ್ಲಿ ಬರುತ್ತಿರಲಿಲ್ಲ. ಹತ್ತರಕಿ, ಗೋಳಿ, ರಾಜಗಿರಿ, ಯಾರೂ ಬಿತ್ತದ ಪಲ್ಯ ಉಡಿಯಲ್ಲಿ ಇರುತ್ತಿತ್ತು. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಒಂದು ಗಡಿಗೆ ಎರಡು ದಿನಕ್ಕೆ ಆಗುತ್ತಿತ್ತು. ಪುಂಡಿಯ ಹುಳಿ ಕಾಳಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ ಅಂತ ನಮಗೆ ತರಬೇತಿಯಲ್ಲಿ ಹೇಳಿಕೊಟ್ಟರು. ನಾನು ನಕ್ಕೆ. ಅದನ್ನು ಹೇಳಿಕೊಟ್ಟ ಡಾಕ್ಟರು ಪುಂಡಿಪಲ್ಯವನ್ನೇ ಉಂಡಿರಲಿಲ್ಲ.

ಕೂಲಿಯೂ ಕಾಳಿನಲ್ಲೇ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಸೇರಿನಿಂದ ಅಳೆದು ಹೆಂಗಸಿನ ಉಡಿಗೆ ಜೋಳ ಹಾಕುತ್ತಿದ್ದರು. ತಳವಾರಿಕೆಯ ಆಯವೂ ಕಣದಲ್ಲೇ ಸಿಗುತ್ತಿತ್ತು. ಉಡಿಗೆ ಬಿದ್ದ ಕಾಳಿಗೆ ಅವಳೇ ಒಡತಿ. ಬೀಸುವವಳು ಅವಳು, ಎಷ್ಟು ಬೀಸಬೇಕು ಅನ್ನುವವಳೂ ಅವಳು. ಕುಡಿಯುವ ಗಂಡ ಜೋಳದ ಚೀಲ ಹೊತ್ತು ಅಂಗಡಿಗೆ ಹೋದರೆ ಓಣಿಯೆಲ್ಲ ನೋಡುತ್ತಿತ್ತು. ನೋಟು ಒಯ್ದರೆ ಯಾರು ನೋಡುತ್ತಾರೆ?

ಆದರೂ ‘ಹಳೇ ಮಂದಿ ಗಟ್ಟಿ, ಜ್ವಾಳಾ ತಿಂದವ ತ್ವಾಳ’ ಅಂತ ಕಟ್ಟೆಯ ಮೇಲೆ ಕೂತು ಮೀಸೆ ತಿರುವುವವರ ಮಾತು ನಾನು ಒಪ್ಪುವುದಿಲ್ಲ. ತೋಳ ಆದವರು ಮೊದಲ ಸರದಿಯವರು. ಅಮ್ಮ ಏಳು ಹೆತ್ತು ನಾಲ್ಕು ಮಣ್ಣು ಮಾಡಿದಳು. ಅವಳ ನಾಲಗೆ ಸಾಯುವ ತನಕ ನುಣ್ಣಗೆ ಬಿಳಿಚಿಕೊಂಡೇ ಇತ್ತು. ಮಳೆ ಬಿದ್ದ ದಿನ ಗೋಡೆಯ ಕೆಮ್ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ನಾವು ನೋಡಿದರೆ ನಾಚಿ ಸೆರಗು ಅಡ್ಡ ಹಿಡಿಯುತ್ತಿದ್ದಳು. ಮಣ್ಣು ತಿನ್ನುವ ಚಪಲ, ಬಳಪ ತಿನ್ನುವ ಚಪಲ, ಹಸಿ ಅಕ್ಕಿ ಮುಕ್ಕುವ ಚಪಲ, ಇವೆಲ್ಲ ರಕ್ತ ಕಡಿಮೆಯಾದವರಲ್ಲಿ ಕಾಣುತ್ತವೆ. ಅದನ್ನು ಕಲಿತ ದಿನ ನಾನು ಹಾಸ್ಟೆಲಿನಲ್ಲಿ ಉಣ್ಣದೆ ಮಲಗಿದೆ.

ಆಮೇಲೆ ನೀರು ಬಂತು. 1945ರ ಫೆಬ್ರುವರಿಯಲ್ಲಿ ತುಂಗಭದ್ರೆಗೆ ಅಡಿಗಲ್ಲು ಬಿತ್ತು, ಒಂದು ದಂಡೆ ನಿಜಾಮನದು, ಇನ್ನೊಂದು ಮದ್ರಾಸಿನದು. 1953ರ ಹೊತ್ತಿಗೆ ಅಣೆಕಟ್ಟು ನಿಂತಿತು. ಎಡದಂಡೆ ಕಾಲುವೆ 227 ಕಿಲೋಮೀಟರು ಹರಿದು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರು ಮುಟ್ಟಬೇಕು. ಕಾಲುವೆ ಮಾಡಿದವರ ಲೆಕ್ಕದಲ್ಲಿ ಇದು ಬರ ತಪ್ಪಿಸುವ ನೀರು. ಹೆಚ್ಚಿನ ಹೊಲಕ್ಕೆ ಜೋಳ, ಶೇಂಗಾ, ಹತ್ತಿಯಂಥ ಅರೆನೀರಾವರಿ, ಭತ್ತಕ್ಕೆ ಸಣ್ಣ ಪಾಲು. ಆದರೆ ಗೋದಾವರಿ ಕೃಷ್ಣೆಯರ ಮುಖಜ ಭೂಮಿಯಿಂದ ಆಂಧ್ರದ ರೈತರು ಬಂದು ಹೊಲ ಕೊಂಡು ಕ್ಯಾಂಪು ಕಟ್ಟಿದರು, ಕೆಸರು ತುಳಿದರು, ಭತ್ತ ಹಚ್ಚಿದರು. ಅವರನ್ನು ನೋಡಿ ನಮ್ಮ ಗೌಡರೂ ಹಚ್ಚಿದರು. ಮೇಲಿನವರು ಭತ್ತಕ್ಕೆ ನೀರು ಹಿಡಿದರೆ ಕೆಳಗಿನವರಿಗೆ ಒಣ ಕಾಲುವೆ. ಹೀಗೆ ನಮ್ಮ ಸೀಮೆಯ ಕನ್ನಡಕ್ಕೆ ಒಂದು ಹೊಸ ಶಬ್ದ ಬಂತು: ಟೇಲೆಂಡು. ಟೇಲೆಂಡಿನ ರೈತ ಅಂದರೆ ಪಾಲು ಇದ್ದೂ ನೀರು ಮುಟ್ಟದವನು. ಪ್ರತಿ ವರ್ಷ ಅವರ ಧರಣಿ, ರಸ್ತೆ ತಡೆ, ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆಯ ಗದ್ದಲ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದುವಾಗೆಲ್ಲ ನನಗೆ ಒಲೆಯ ಮುಂದಿನ ಮೂರನೇ ಸರದಿ ನೆನಪಾಗುತ್ತದೆ. ಮನೆಯೊಳಗೂ ಒಂದು ಟೇಲೆಂಡು ಇದೆ, ಅದು ರಸ್ತೆ ತಡೆಯುವುದಿಲ್ಲ.

ಭತ್ತ ಬಂದು ಹಸಿವು ಕಡಿಮೆಯಾಯಿತು. ಇದನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ನಾಟಿಗೆ, ಕಳೆಗೆ, ಕೊಯ್ಲಿಗೆ ಕೈಗಳು ಬೇಕಾದವು, ಕೂಲಿ ಏರಿತು. ಆದರೆ ಕೂಲಿ ರೊಕ್ಕವಾಯಿತು, ಮೇಸ್ತ್ರಿಯ ಕೈಯಿಂದ ಗಂಡಸಿನ ಜೇಬಿಗೆ ಇಳಿಯಿತು. ಎರಿ ಹೊಲ ಗದ್ದೆಯಾಯಿತು, ಗದ್ದೆಯಲ್ಲಿ ಅಕ್ಕಡಿ ಇಲ್ಲ. ಕಳೆನಾಶಕ ಬಂತು, ಬಿತ್ತದ ಪಲ್ಯ ಹೋಯಿತು. ಬಾಪಟ್ಲದಿಂದ 1986ರಲ್ಲಿ ಹೊರಬಂದ ಬಿಪಿಟಿ 5204ರಂಥ ಸಣ್ಣಕ್ಕಿಯ ತಳಿಗಳು ಇಲ್ಲಿ ಬೇರೂರಿದವು. ಸಿಂಧನೂರಿನ ಗಿರಣಿಗಳಲ್ಲಿ ಪಾಲಿಷ್ ಆಗಿ ದೊಡ್ಡ ಪೇಟೆಗಳಿಗೆ ಹೋಗುವ ಸೋನಾ ಅಕ್ಕಿಯನ್ನು ಹಚ್ಚಿದ ಹುಡುಗಿ ಉಂಡದ್ದು ಮಾತ್ರ ರೇಷನ್ ಅಕ್ಕಿ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದು ಕಿಲೋಗೆ ಒಂದು ರೂಪಾಯಿಯ ಅಕ್ಕಿ ಮನೆ ಮನೆಗೆ ಮುಟ್ಟಿತು. ಹಸಿದು ಮಲಗುವುದು ನಿಂತಿತು. ನಾನು ಅನ್ನಭಾಗ್ಯವನ್ನು ಹೀಯಾಳಿಸುವವರ ಪೈಕಿ ಅಲ್ಲ. ಉಪವಾಸ ಕಂಡವರು ಹೀಯಾಳಿಸುವುದಿಲ್ಲ. ಆದರೆ ರೊಟ್ಟಿ ಹೋಗಿ ಅನ್ನ ಬಂದಾಗ ಏನು ಹೋಯಿತು ಅನ್ನುವುದನ್ನು ಪೋಷಣಾ ಸಂಸ್ಥೆಯವರೇ 2017ರ ಪಟ್ಟಿಯಲ್ಲಿ ಬರೆದಿದ್ದಾರೆ: ನೂರು ಗ್ರಾಂ ಜೋಳದಲ್ಲಿ ಕಬ್ಬಿಣ 4 ಮಿಲಿಗ್ರಾಂ ಹತ್ತಿರ, ಸಜ್ಜೆಯಲ್ಲಿ 6ಕ್ಕೂ ಮೇಲೆ, ಪಾಲಿಷ್ ಅಕ್ಕಿಯಲ್ಲಿ ಒಂದೂ ಇಲ್ಲ. ರೊಟ್ಟಿಯನ್ನು ಬರೀ ತಿನ್ನಲಾಗದು, ಹಿಂಡಿಯೋ ಪಲ್ಯವೋ ಬೇಕೇ ಬೇಕು. ಅನ್ನಕ್ಕೆ ಅಷ್ಟು ಹಟವಿಲ್ಲ, ನೀರುಸಾರು ಸುರಿದರೂ ಇಳಿಯುತ್ತದೆ. ಮೂರನೇ ಸರದಿಗೆ ಇದಕ್ಕಿಂತ ಅನುಕೂಲ ಇನ್ನೇನು?

ಜೊತೆಗೆ ಚಾ. ‘ಏನ್ ಉಂಡು ಬಂದೀಯವ್ವ?’ ಅಂತ ಬೆಳಿಗ್ಗೆ ನಾಟಿಗೆ ಹೊರಟ ಹುಡುಗಿಯನ್ನು ಕೇಳಿದರೆ ‘ಚಾ ಕುಡದೀನ್ರೀ ನರ್ಸಮ್ಮ’. ಮಧ್ಯಾಹ್ನ ತಂಗಳನ್ನ, ಮೇಲೆ ಮತ್ತೆ ಗದ್ದೆಯ ಮಾಲೀಕರ ಚಾ. ಊಟದ ಜೊತೆಯ ಚಾ ಇದ್ದಷ್ಟು ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ ಅಂತ ನಾನು ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: ‘ಹಂಗಾರ ಹಸಿವು ಹೆಂಗ ಕಟ್ಟಬೇಕ್ರೀ?’

ಭತ್ತಕ್ಕಿಂತ ಕ್ರೂರವಾದದ್ದು ಹತ್ತಿ ಬೀಜದ ಹೊಲ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ತಯಾರಿಸಿದರು. ವಿಜ್ಞಾನದ ದೊಡ್ಡ ಸಾಧನೆ ಅದು. ಆದರೆ ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ. ಸಂಜೆ ಒಂದೊಂದೇ ಮೊಗ್ಗು ಬಿಡಿಸಿ ಗಂಡು ಕೇಸರ ಉಗುರಿನಿಂದ ಕಿತ್ತು ಹಾಕಬೇಕು, ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಹೂವು ತಂದು ಮುಟ್ಟಿಸಬೇಕು. ಇದಕ್ಕೆ ‘ಕ್ರಾಸಿಂಗ್’ ಅಂತ ಹೆಸರು. ಗಿಡ ಎದೆಮಟ್ಟ, ಮೊಗ್ಗು ನಾಜೂಕು, ಹಾಗಾಗಿ ಹತ್ತರಿಂದ ಹದಿನೈದರ ಹುಡುಗಿಯರೇ ಬೇಕು ಅನ್ನುತ್ತಿದ್ದರು. ಮುಂಗಡ ಅಪ್ಪಂದಿರಿಗೆ ಹೋಗುತ್ತಿತ್ತು, ಹುಡುಗಿಯರು ಎರಡು ಮೂರು ತಿಂಗಳು ಶಾಲೆ ಬಿಟ್ಟು ಹೊಲದ ಗುಡಿಸಲಿಗೆ ಹೋಗುತ್ತಿದ್ದರು. ತೊಂಬತ್ತರ ದಶಕದಲ್ಲಿ ಇಂಥ ಒಂದು ಹೊಲಕ್ಕೆ ನಾನು ಜ್ವರದ ಮಾತ್ರೆ ಕೊಡಲು ಹೋಗಿದ್ದೆ. ಔಷಧಿ ಸಿಂಪಡಿಸಿದ ವಾಸನೆಯಲ್ಲೇ ಹುಡುಗಿಯರು ಅನ್ನ ಉಣ್ಣುತ್ತಿದ್ದರು. ಕೈ ತೊಳೆಯಲು ನೀರು ದೂರ ಇತ್ತು. ತಳಿಗೆ ವರಲಕ್ಷ್ಮಿ ಅಂತ ಹೆಸರಿಟ್ಟವರಿಗೆ ಆ ಉಗುರುಗಳು ಕಂಡಿದ್ದವೋ ಇಲ್ಲವೋ.

ಇಷ್ಟೆಲ್ಲ ಆಗುವಾಗ ಸರ್ಕಾರ ಎಲ್ಲಿತ್ತು ಅಂದರೆ, ನನ್ನ ಚೀಲದಲ್ಲೇ ಇತ್ತು. ಆ ಚೀಲದ ರಜಿಸ್ಟರುಗಳ ಚರಿತ್ರೆ ಹೇಳಿದರೆ ಹುಡುಗಿಯ ಚರಿತ್ರೆ ತಾನೇ ಗೊತ್ತಾಗುತ್ತದೆ. ಒಂದು ಚುಚ್ಚುಮದ್ದಿನ ರಜಿಸ್ಟರು, ಐದಾರು ವರ್ಷದ ತನಕ. ಇನ್ನೊಂದು ಅರ್ಹ ದಂಪತಿಗಳ ರಜಿಸ್ಟರು, ಮದುವೆಯಾದ ಮೇಲೆ. ಮತ್ತೊಂದು ಬಸುರಿಯರದು. ಚುಚ್ಚುಮದ್ದು ಮುಗಿದ ಹುಡುಗಿ ಮದುವೆಯಾಗುವ ತನಕ ನನ್ನ ಯಾವ ಪುಟದಲ್ಲೂ ಇರಲಿಲ್ಲ. ದೇಶದಲ್ಲಿ ರಕ್ತಹೀನತೆ ತಡೆಯುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ, ಅದು ಬಸುರಿಗೆ, ಬಾಣಂತಿಗೆ, ಸಣ್ಣ ಮಕ್ಕಳಿಗೆ. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಯೂ ಅವರಿಗೇ. ಎಂಬತ್ತರ ದಶಕದಲ್ಲಂತೂ ನಮಗೆ ಕುಟುಂಬ ಯೋಜನೆಯ ಆಪರೇಷನ್ನಿನ ಟಾರ್ಗೆಟ್ಟು ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ. 1996ರಲ್ಲಿ ಅದು ಹೋಗುವ ತನಕ ಹದಿಮೂರರ ಹುಡುಗಿಯ ಕಣ್ಣುರೆಪ್ಪೆ ಎಳೆದು ನೋಡಲು ಯಾರಿಗೆ ಪುರುಸೊತ್ತು? ಹದಿನಾರಕ್ಕೆ ಮದುವೆಯಾಗಿ ಹದಿನೇಳಕ್ಕೆ ಬಸುರಿಯಾಗಿ ಬಂದಾಗ ‘ಅಯ್ಯೋ, ಮೈಯಾಗ ರಗತನೇ ಇಲ್ಲಲ್ಲವ್ವ’ ಅನ್ನುತ್ತಿದ್ದೆವು. ರಕ್ತ ಆ ಏಳೆಂಟು ತಿಂಗಳಲ್ಲಿ ಹೋದದ್ದಲ್ಲ.

ನನ್ನ ಹತ್ತಿರ ಹಿಮೋಗ್ಲೋಬಿನ್ ಅಳೆಯುವ ಸಹ್ಲಿಯ ಪೆಟ್ಟಿಗೆ ಇತ್ತು. ಬೆರಳು ಚುಚ್ಚಿ ಸಣ್ಣ ನಳಿಕೆಯಲ್ಲಿ ಗೆರೆಯ ತನಕ ರಕ್ತ ಎಳೆದು, ಆಸಿಡ್ಡಿನ ಕೊಳವೆಗೆ ಬಿಟ್ಟು, ಹತ್ತು ನಿಮಿಷ ಕಾಯಬೇಕು. ಕಂದು ಬಣ್ಣ ಆಗುತ್ತದೆ. ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ನೀರಿನ ಹನಿ ಹಾಕುತ್ತಾ ಹೋಗಬೇಕು. ಹನ್ನೊಂದರ ಗೆರೆ ಮುಟ್ಟಿದರೆ ಬಸುರಿ ಪಾಸು. ಅದು ಬಸುರಿಯರಿಗೆಂದು ಕೊಟ್ಟ ಪೆಟ್ಟಿಗೆ. ಒಂದು ಮಧ್ಯಾಹ್ನ, ನಾಟಿಯಲ್ಲಿ ಕಣ್ಣಿಗೆ ಕತ್ತಲೆ ಬಂದು ಬಿದ್ದ ನಮ್ಮ ಓಣಿಯ ಹುಡುಗಿಯದ್ದು ನೋಡಿದೆ. ಎಂಟಕ್ಕೇ ಬಣ್ಣ ತಿಳಿಯಾಗಿ ಹೋಯಿತು. ಅವಳಿಗೆ ಕೊಡಲು ನನ್ನ ಹತ್ತಿರ ಮಾತ್ರೆ ಇತ್ತು, ಬರೆಯಲು ಕಾಲಂ ಇರಲಿಲ್ಲ. ಬಸುರಿಯರ ಲೆಕ್ಕದಲ್ಲಿ ಬರೆದೆ. ಸುಳ್ಳು ಲೆಕ್ಕ, ಒಪ್ಪುತ್ತೇನೆ.

ಕಾಲಂ ಬಂದದ್ದು ತಡವಾಗಿ. 2013ರಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಶಾಲೆಗೆ, ಅಂಗನವಾಡಿಗೆ ಬಂತು, ಆರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ. ಹುಡುಗಿಯರು ನೀಲಿ ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತಿದ್ದರು. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಊಟವಾದ ಮೇಲೆ ನುಂಗಬೇಕು. ಊಟ? ಅದಕ್ಕೂ ಒಂದು ಕಥೆ ಇದೆ. ನಾನು ಓದುವಾಗ ಪರದೇಶದ ಕೇರ್ ಸಂಸ್ಥೆಯವರ ಹಳದಿ ಉಪ್ಪಿಟ್ಟು, ಹಾಲಿನಪುಡಿ ಇತ್ತು. ಆಮೇಲೆ ಬಹಳ ವರ್ಷ ಬಿಸಿ ಅಡುಗೆ ಇಲ್ಲ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಯಲ್ಲಿ ಬೇಯಿಸಿದ ಊಟ ಕೊಡಿ ಅಂದಿತು. 2002ರ ಜೂನಿನಲ್ಲಿ ಅಕ್ಷರ ದಾಸೋಹ ಶುರುವಾದಾಗ ಮೊದಲ ಏಳು ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಇತ್ತು. ನನಗೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅನ್ನವಲ್ಲ, ಸಾಲು. ಹುಡುಗ ಹುಡುಗಿ ಒಂದೇ ಹೊತ್ತಿಗೆ ಕೂತು, ಒಂದೇ ಡಬರಿಯಿಂದ, ಒಂದೇ ಸೌಟಿನಲ್ಲಿ. ಮನೆಯಲ್ಲಿ ಮೂರನೇ ಸರದಿಯವಳು ಅಲ್ಲಿ ಮೊದಲ ಸರದಿಯವಳು.

ತತ್ತಿ ಬಂದದ್ದು 2021ರ ಡಿಸೆಂಬರಿಗೆ, ಅದೂ ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ವಿಜಯಪುರಕ್ಕೆ. ಕೆಲವು ಮಠಾಧೀಶರು ಬೇಡ ಅಂದರು, ಬೀದಿಗಿಳಿದರು. ತಿನ್ನದವರಿಗೆ ಬಾಳೆಹಣ್ಣು ಇತ್ತು, ಆದರೂ ಗದ್ದಲ. ಆಗ ಗಂಗಾವತಿಯ ಶಾಲೆಯ ಹುಡುಗಿಯೊಬ್ಬಳು, ನಮಗೆ ಮೊಟ್ಟೆ ಬೇಕು, ಕೊಡದಿದ್ದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅನ್ನುವ ಅರ್ಥದಲ್ಲಿ ಕ್ಯಾಮೆರಾ ಮುಂದೆ ಮಾತಾಡಿದ್ದು ಊರೂರ ಮೊಬೈಲಿನಲ್ಲಿ ಹರಿದಾಡಿತು. ನಾನು ಅದನ್ನು ಹತ್ತು ಸಲ ನೋಡಿದೆ. ಟೇಲೆಂಡಿನವಳು ರಸ್ತೆ ತಡೆದದ್ದು ನಾನು ಕಂಡಂತೆ ಅದೇ ಮೊದಲು. ನನಗಂತೂ ಸೋದರಮಾವನ ಎರಡು ಡಜನ್ ನೆನಪಾಯಿತು. ದೊಡ್ಡಾಕಿ ಆದವಳಿಗೆ ತತ್ತಿ ಕೊಡಬೇಕು ಅನ್ನುವುದು ಈ ನೆಲಕ್ಕೆ ಸರ್ಕಾರ ಹೊಸದಾಗಿ ಕಲಿಸಿದ ಪಾಠವೇನಲ್ಲ. ಆದರೆ ದೊಡ್ಡಾಕಿ ಆಗುವ ವಯಸ್ಸಿಗೇ, ಎಂಟನೇ ಇಯತ್ತೆ ದಾಟಿದ ಕೂಡಲೇ, ಅದು ನಿಲ್ಲುತ್ತಿತ್ತು. ಒಂಬತ್ತು, ಹತ್ತಕ್ಕೆ ಮುಂದುವರಿದದ್ದು 2023ರಲ್ಲಿ. ಹತ್ತನೇ ದಿನದ ಬೀಗ ಎಲ್ಲ ಕಡೆಯೂ ಇದ್ದೇ ಇರುತ್ತದೆ ನೋಡಿ.

ರಾಯಚೂರು, ಯಾದಗಿರಿ ಎರಡನ್ನೂ 2018ರಲ್ಲಿ ಕೇಂದ್ರದವರು ಮಹತ್ವಾಕಾಂಕ್ಷಿ ಜಿಲ್ಲೆ ಅಂತ ಕರೆದರು. ಹಿಂದುಳಿದ ಅನ್ನುವುದಕ್ಕೆ ಒಳ್ಳೆಯ ಹೆಸರು. ಅಂಥ ಜಿಲ್ಲೆಗಳ 14ರಿಂದ 18ರ ಹುಡುಗಿಯರೂ ಈಗ ಅಂಗನವಾಡಿಯ ಪೋಷಣೆಯ ಲೆಕ್ಕದಲ್ಲಿ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಕರ್ನಾಟಕದ ಒಟ್ಟು ಹೆಂಗಸರಲ್ಲಿ ನೂರಕ್ಕೆ 48ರ ಹತ್ತಿರ. ದೇಶದ ಹುಡುಗಿಯರಲ್ಲಿ ಪಾಸಾದವರಿಗಿಂತ ನಪಾಸಾದವರೇ ಹೆಚ್ಚಿರುವ ಪರೀಕ್ಷೆಯಲ್ಲಿ ತಪ್ಪು ಅವರದ್ದಂತೂ ಅಲ್ಲ.

ನಿವೃತ್ತಿಯಾದ ಮೇಲೆ ನಾನು ಹೊಸ ಚಟ ಹಚ್ಚಿಕೊಂಡಿದ್ದೇನೆ. ಅಮಾಸಿ ಹುಣ್ಣಿಮೆಗೆ ಒಮ್ಮೆ ಎಳ್ಳು, ಶೇಂಗಾ, ಬೆಲ್ಲ ಒರಳಲ್ಲಿ ಕುಟ್ಟಿ ಚಿಗಳಿ ಕಟ್ಟುತ್ತೇನೆ. ಸ್ಟೀಲ್ ಡಬ್ಬಿ ತುಂಬಿಕೊಂಡು ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಕಟ್ಟೆಯ ಮೇಲೆ ಕೂಡುತ್ತೇನೆ. ಸಿಂಧನೂರಿಗೆ ಓದಲು ಹೋಗುವ ಹುಡುಗಿಯರು, ನಾಟಿಯ ಟಂಟಂ ಗಾಡಿ ಕಾಯುವ ಹುಡುಗಿಯರು, ಇಬ್ಬರೂ ಅಲ್ಲೇ ಬರುತ್ತಾರೆ. ತಲೆಗೊಂದು.

ಹೋದ ವಾರ ಒಬ್ಬಳು ಉಂಡಿ ಇಸಗೊಂಡು ತಿನ್ನದೆ ಕೈಯಲ್ಲೇ ಹಿಡಿದು ನಿಂತಳು. ಹದಿನಾಲ್ಕು ಇರಬೇಕು, ಮುಖ ಬಿಳಿಚಿತ್ತು, ಉಗುರು ಚಮಚದ ಹಾಗೆ ಹಳ್ಳ ಬಿದ್ದಿದ್ದವು.

‘ಯಾಕವ್ವ, ತಿನ್ನಲ್ಲ?’

‘ತಮ್ಮಗ ಒಯ್ತೀನ್ರೀ ಅಮ್ಮ.’

ಇನ್ನೊಂದು ಕೊಟ್ಟೆ. ‘ಇದು ನಿನಗ. ನನ್ನ ಮುಂದ ತಿನ್ನು’ ಅಂದೆ.

ನಕ್ಕಳು. ಅಷ್ಟರಲ್ಲಿ ಟಂಟಂ ಬಂತು. ಹತ್ತುವ ಮುಂದೆ ಎರಡನ್ನೂ ಕರವಸ್ತ್ರದ ಒಂದೊಂದು ಮೂಲೆಗೆ ಗಂಟು ಹಾಕಿಕೊಂಡಳು.

‘ಇದು ಅವ್ವಗ್ರೀ’ ಅಂದಳು.